ಶೂ ಮೂತಿಯ ಮೇಲೆ ಕೊನೆಗೂ ಕೂತಿತು ಮಿಂಚುಳ್ಳಿ

ಎಡಗಾಲಿನ ಶೂ ಮುಗಿಯಿತು! ಬಿಸಿ ಮಾಡಿ ಒತ್ತಿದರೆ ಬಟ್ಟೆಗೆ ಅಂಟುವ ವಿನೈಲ್ ಹಾಳೆಯಲ್ಲಿ ಮಿಂಚುಳ್ಳಿಯ ಚಿತ್ರ ಕತ್ತರಿಸಿ, ಶೂ ಮೂತಿಗೆ ಅಂಟಿಸಿ, ಪೂರ್ತಿ ಒಂದು ದಿನ ಮುಟ್ಟದೆ ಇಟ್ಟಿದ್ದೆ. ಆಮೇಲೆ ಕೈಯಲ್ಲೇ 200 ಸಲ ಬಗ್ಗಿಸಿದೆ, ತಣ್ಣೀರಲ್ಲಿ ಒಗೆದೆ, ಉಗುರಿನಿಂದ ಅಂಚು ಕೆರೆದೆ. ಒಂದು ಗರಿಯೂ ಎದ್ದಿಲ್ಲ. ಐದನೇ ಪ್ರಯತ್ನ ಇದು. ಹಿಂದಿನ ನಾಲ್ಕೂ ಒಂದೇ ಜಾಗದಲ್ಲಿ ಕೆಟ್ಟಿದ್ದವು: ಬೆರಳುಗಳ ಮೇಲೆ ಬರುವ ಆ ಉಬ್ಬು ಮೂತಿಯಲ್ಲಿ.

ಚಿತ್ರ ಕನ್ನಡಿ ಮಾಡುವುದು (ಅಂದರೆ ಎಡಬಲ ತಿರುಗಿಸುವುದು), ಕತ್ತರಿಸುವುದು, ಬೇಡದ ವಿನೈಲ್ ಕೀಳುವುದು ಎಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಡೋಣ. ಹತ್ತಿಯ ಕ್ಯಾನ್ವಾಸ್ ಶೂ, ಪಾಲಿಯುರಥೇನ್ ವಿನೈಲ್, ಇಸ್ತ್ರಿಪೆಟ್ಟಿಗೆಯಂಥ ಅಂಗೈಯಗಲದ ಮಿನಿ ಪ್ರೆಸ್. ಇಷ್ಟೇ ಸಾಮಾನು.

ಮೊದಲ ಸಲ ಶೂ ಒಳಗೆ ಹಳೇ ಪೇಪರ್ ತುರುಕಿದೆ, 150 ಡಿಗ್ರಿಯಲ್ಲಿ 15 ಸೆಕೆಂಡ್ ಒತ್ತಿದೆ. ನಡುಭಾಗ ಚೆನ್ನಾಗಿ ಕೂತಿತು. ಅಂಚುಗಳು ಎದ್ದು ನಿಂತವು. ಬಿಸಿ ಸಾಲಲಿಲ್ಲ ಅಂದುಕೊಂಡು ಮುಂದಿನ ಸಲ 170ಕ್ಕೆ ಏರಿಸಿದೆ. ಕ್ಯಾರಿಯರ್ ಹಾಳೆ (ವಿನೈಲನ್ನು ಹಿಡಿದಿಡುವ, ಕೊನೆಗೆ ಸುಲಿದು ತೆಗೆಯುವ ಮೇಲಿನ ಹಾಳೆ) ಸುರುಟಿತು, ವಿನೈಲ್ ಮೇಲೆ ಎಣ್ಣೆ ಹಚ್ಚಿದ ಹಾಗೆ ಹೊಳಪು ಬಂತು. ರಬ್ಬರ್ ಪಟ್ಟಿ ಸೇರುವ ಕಡೆ ಶೂವಿನದೇ ಅಂಟು ಮೆತ್ತಗಾಗಿ ಬಿಡತೊಡಗಿತು. ಶೂ ಅಂದ್ರೆ ಬರೀ ಬಟ್ಟೆ ಅಲ್ವಲ್ಲ. ಅದರೊಳಗೆ ಅಂಟು, ಫೋಮ್, ರಬ್ಬರ್ ಎಲ್ಲ ಇದೆ. ಬಟ್ಟೆ ತಡೆಯುವ ಬಿಸಿಯನ್ನು ಅವು ತಡೆಯುವುದಿಲ್ಲ. ಫೋಮ್ ತುಂಬಿದ, ಜಾಲರಿ ಬಟ್ಟೆಯ ಓಟದ ಶೂಗಳಿಗೆ ನಾನಂತೂ ಈ ಕೆಲಸ ಮಾಡುವುದಿಲ್ಲ.

ಇಲ್ಲಿ ಮಾರಾಟಗಾರರ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ವಿನೈಲ್ ರೋಲ್ ಜೊತೆ ಒಂದು ಚೀಟಿಯೂ ಬರಲಿಲ್ಲ. ಎಷ್ಟು ಡಿಗ್ರಿ, ಎಷ್ಟು ಸೆಕೆಂಡ್, ಹಾಳೆಯನ್ನು ಬಿಸಿಯಲ್ಲೇ ಸುಲಿಯಬೇಕೋ ಆರಿದ ಮೇಲೋ, ಏನೂ ಇಲ್ಲ. ಕೇಳಿದ್ದಕ್ಕೆ ‘ಟೀ ಶರ್ಟ್ ಥರಾನೇ ಮಾಡಿ’ ಅಂತ ಉತ್ತರ. ಹತ್ತು ತುಂಡು ಹಾಳುಮಾಡಿ ನಾನೇ ಕಂಡುಕೊಂಡೆ: ಇದು ಆರಿದ ಮೇಲೆ ಸುಲಿಯುವ ಬಗೆ. ಒಂದು ಸಾಲಿನ ಮಾಹಿತಿ ಅಚ್ಚು ಹಾಕಿಸಲು ಅಷ್ಟು ಕಷ್ಟವೇ? ನನಗೆ ನಿಜಕ್ಕೂ ಸಿಟ್ಟು ಬಂತು.

ಸರಿ, ಮೂತಿಗೆ ಬರೋಣ. ಎರಡನೇ ಸೋಲಿನ ಮೇಲೆ ಸುಮ್ನೆ ಕೂತು ಹೆಬ್ಬೆರಳಿನಿಂದ ಶೂ ಮೂತಿ ಒತ್ತುತ್ತಿದ್ದೆ. ಒತ್ತಿದಲ್ಲೆಲ್ಲ ತಗ್ಗಿತು. ಪೇಪರ್ ಎಷ್ಟೇ ತುರುಕಿದರೂ ಒಳಗೆ ಟೊಳ್ಳು. ಆಗ ಹೊಳೆಯಿತು. ದೊಡ್ಡ ಹೀಟ್ ಪ್ರೆಸ್‌ನಲ್ಲಿ ಮೇಲಿನ ತಟ್ಟೆ ಒತ್ತಿದಷ್ಟೇ ಬಲವಾಗಿ ಕೆಳಗಿನ ತಟ್ಟೆ ಎದುರು ಒತ್ತುತ್ತದೆ. ಇಲ್ಲಿ ಎದುರು ಒತ್ತುವವರೇ ಇಲ್ಲ! ಅಂಟು ಕರಗಿದ್ದೇನೋ ನಿಜ. ಆದರೆ ನೇಯ್ಗೆಯ ಸಂದುಗಳಿಗೆ ಇಳಿಯದೆ, ದಾರಗಳ ತುದಿಯ ಮೇಲಷ್ಟೇ ಕೂತಿತ್ತು. ಬಿಸಿಯ ತೊಂದರೆ ಅಂತ ಹಿಡಿದುಕೊಂಡಿದ್ದು ಒತ್ತಡದ ತೊಂದರೆ.

ಮರದ ಅಚ್ಚು ಇಟ್ಟು ನೋಡಿದೆ. ಅದು ಒಂದೇ ಕಡೆ ತಾಗುತ್ತದೆ, ಉಳಿದ ಕಡೆ ಸಂದು. ಬೇಕಾದದ್ದು ಎಂಥದ್ದು ಅಂದ್ರೆ, ಮೊದಲು ನೀರಿನ ಹಾಗೆ ಮೂಲೆಗೆಲ್ಲ ಹರಿಯಬೇಕು, ಆಮೇಲೆ ಕಲ್ಲಿನ ಹಾಗೆ ನಿಲ್ಲಬೇಕು. ಮರಳು! ಉದ್ದ ಕಾಲುಚೀಲಕ್ಕೆ ಸಣ್ಣ ಮರಳು ತುಂಬಿ ಶೂ ಒಳಗಿಟ್ಟೆ. ಹಿಮ್ಮಡಿ ನೆಲಕ್ಕೆ ಕುಟ್ಟುತ್ತಾ, ಕೋಲಿನಿಂದ ಜಡಿದು, ಬಾಯಿ ಬಿಗಿಯಾಗಿ ಕಟ್ಟಿದೆ. ಮೂತಿ ಒತ್ತಿದರೆ ಕಲ್ಲು. ಒಂದು ಎಚ್ಚರಿಕೆ: ಮರಳು ಪೂರ್ತಿ ಒಣಗಿರಬೇಕು. ಮೂರನೇ ಸಲ ಸ್ವಲ್ಪ ತೇವ ಇತ್ತು. ಅದು ಆವಿಯಾಗಿ ವಿನೈಲ್ ಕೆಳಗೆ ಗುಳ್ಳೆ ಎಬ್ಬಿಸಿತು.

ಒಣ ಮರಳಿನಲ್ಲಿ ನಾಲ್ಕನೇ ಪ್ರಯತ್ನ. ಅಂಚು ಗಟ್ಟಿಯಾಗಿ ಹಿಡಿಯಿತು. ಈಗ ಸುಕ್ಕು! ರೆಕ್ಕೆಯ ಉದ್ದಕ್ಕೂ ಮೂರು ಮಡಿಕೆ. ಇದಕ್ಕೆ ಯಾರ ಕೈಚಳಕವೂ ಸಾಲದು. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಹರಿಯದೆ, ಮಡಿಸದೆ ಚೆಂಡಿನಂಥ ಉಬ್ಬಿನ ಮೇಲೆ ಹೊದಿಸಲು ಸಾಧ್ಯವೇ ಇಲ್ಲ. ಗಣಿತಜ್ಞ ಗೌಸ್ 1827ರಲ್ಲೇ ಸಾಧಿಸಿ ತೋರಿಸಿದ ಮಾತು ಇದು. ಭೂಮಿಯ ನಕ್ಷೆ ಬಿಡಿಸುವವರಿಗೂ ಇದೇ ಕಾಟ. ಕೊಳವೆ, ಶಂಕು ಆದರೆ ಪರವಾಗಿಲ್ಲ, ಹಾಳೆ ಸಲೀಸಾಗಿ ಸುತ್ತಿಕೊಳ್ಳುತ್ತದೆ.

ಶಂಕು ಅಂದಾಗ ನೆನಪಾಯಿತು, ನನ್ನ ಮುಂದಿನ ಕೆಲಸ ಬುಗುರಿ! ಬಣ್ಣ ಹಚ್ಚದ ಮರಕ್ಕೂ ಈ ವಿನೈಲ್ ಚೆನ್ನಾಗಿ ಹಿಡಿಯುತ್ತದೆ. ಬುಗುರಿಯ ಕೆಳಭಾಗ ಹೆಚ್ಚುಕಡಿಮೆ ಶಂಕು. ಅದನ್ನು ಬಿಚ್ಚಿ ಹರಡಿದರೆ ಬೀಸಣಿಗೆಯ ಆಕಾರ ಬರುತ್ತದೆ, ಅದರ ಮೇಲೆ ಸುರುಳಿ ಗೆರೆ ಬಿಡಿಸಬಹುದು. ತಿರುಗುವಾಗ ಆ ಗೆರೆಗಳು ಮೇಲಕ್ಕೆ ಹರಿಯುವ ಹಾಗೆ ಕಾಣುತ್ತವೆ. ಅಳತೆ ಆಗಲೇ ತೆಗೆದಿಟ್ಟಿದ್ದೇನೆ. ತಲೆಯ ಭಾಗ ಮಾತ್ರ ಮತ್ತೆ ಉಬ್ಬು, ಮತ್ತೆ ಇದೇ ಜಗಳ.

ಶೂ ಮೂತಿಯ ಜಗಳ ಬಿಡಿಸಿದ್ದು ಮಿಂಚುಳ್ಳಿಯೇ. ಹೇಗೂ ಹಾಳೆ ಸೀಳಲೇಬೇಕು. ಹಾಗಿದ್ದರೆ ಸೀಳು ಕಾಣದ ಕಡೆ ಸೀಳಬೇಕು. ರೆಕ್ಕೆಯಲ್ಲಿ ಗರಿ ಗರಿಗೂ ನಡುವೆ ಗೆರೆ ಇದ್ದೇ ಇದೆ, ಅಲ್ವಾ? ಒಂದೇ ತುಂಡಾಗಿದ್ದ ರೆಕ್ಕೆಯನ್ನು ಆ ಗೆರೆಗಳ ಉದ್ದಕ್ಕೆ ಏಳು ಪಟ್ಟಿ ಮಾಡಿದೆ. ಬುಡದಲ್ಲಿ ಕೂಡಿಕೊಂಡಿವೆ, ತುದಿಯಲ್ಲಿ ಬಿಡಿಬಿಡಿ. ಕ್ಯಾರಿಯರ್ ಹಾಳೆಯನ್ನೂ ಅದೇ ಗೆರೆಗಳಲ್ಲಿ ಸೀಳಬೇಕು. ಇದನ್ನು ಮರೆತರೆ ಮಾಡಿದ್ದೆಲ್ಲ ದಂಡ, ಯಾಕೆಂದರೆ ಸುಕ್ಕು ಮೊದಲು ಶುರುವಾಗುವುದೇ ಆ ಗಡಸು ಹಾಳೆಯಲ್ಲಿ.

ಒತ್ತುವ ಕ್ರಮವೂ ಬದಲಾಯಿತು. ಬಟ್ಟೆಯನ್ನು ಮೊದಲು ಹತ್ತು ಸೆಕೆಂಡ್ ಕಾಯಿಸಿದೆ. ನಡುವಿನ ಗರಿಯನ್ನು ಐದು ಸೆಕೆಂಡ್ ಒತ್ತಿ ನಿಲ್ಲಿಸಿದೆ. ಆಮೇಲೆ ಅದರ ಎಡ, ಬಲ, ಹೀಗೆ ಹೊರಕ್ಕೆ. ಎಲ್ಲ ಕೂತ ಮೇಲೆ, ಆರಲು ಬಿಟ್ಟು ಕ್ಯಾರಿಯರ್ ಸುಲಿದೆ. ಪ್ರೆಸ್ ವಿನೈಲಿಗೆ ನೇರ ತಾಗದಂತೆ ಮೇಲೆ ಹಾಕುವ ಟೆಫ್ಲಾನ್ ಹಾಳೆ ಬದಲು, ಚೆನ್ನಾಗಿ ಮುದುರಿ ಮೆತ್ತಗೆ ಮಾಡಿದ ಬೇಕಿಂಗ್ ಪೇಪರ್. ಇಲ್ಲಿ ಟೆಫ್ಲಾನ್ ಹಾಳೆ ತೀರಾ ಬಿಗಿ. ಆಮೇಲೆ ಒಂದೊಂದು ಭಾಗಕ್ಕೂ 12 ಸೆಕೆಂಡ್, 150 ಡಿಗ್ರಿ. ಪ್ರೆಸ್ ಎಳೆಯಬಾರದು, ತೊಟ್ಟಿಲು ತೂಗಿದ ಹಾಗೆ ಹೊರಳಿಸಬೇಕು.

ಈ ಸಲ ಇನ್ನೊಂದು ಕೆಲಸ ಮಾಡಿದೆ. ಅಂಟು ಗಟ್ಟಿಯಾಗುವುದು ಆರುವಾಗ. ಹಾಗಾಗಿ ಪ್ರೆಸ್ ಎತ್ತಿದ ಕೂಡಲೇ ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಒತ್ತಿ, ಬೆಚ್ಚಗಾಗುವವರೆಗೂ ಹಿಡಿದುಕೊಂಡೆ. ಅಂಚು ಉಳಿದದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಹೀಟ್ ಗನ್ ಒಂದರಲ್ಲೇ ಮುಗಿಸುತ್ತೇವೆ ಅನ್ನುವವರ ಕೆಲಸ ಯಾಕೆ ಬಾಳುವುದಿಲ್ಲ ಅಂತ ಈಗ ಅರ್ಥವಾಯಿತು. ಅದು ಬಿಸಿ ಕೊಡುತ್ತದೆ, ಒತ್ತುವುದಿಲ್ಲ.

ಕೊಕ್ಕು ಮೊದಲು ಬೆರಳ ಗೆಣ್ಣಿನವರೆಗೆ ಚಾಚಿತ್ತು. ನಡೆಯುವಾಗ ಶೂ ಮಡಚುವುದು ಸರಿಯಾಗಿ ಅಲ್ಲೇ. ಅದಕ್ಕೆ ಇಡೀ ಹಕ್ಕಿಯನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ಸರಿಸಿದೆ. ಚಿತ್ರ ಸ್ವಲ್ಪ ಒತ್ತೊತ್ತಾಯಿತು, ಆದರೆ ಮಡಿಕೆಯ ಮೇಲೆ ವಿನೈಲ್ ಇಡುವುದು ಬೇಡವೇ ಬೇಡ.

ಇನ್ನು ಬಲಗಾಲು. ಎರಡು ಹಕ್ಕಿಗಳೂ ಎದುರುಬದುರು ನೋಡಬೇಕು, ಹಾಗಾಗಿ ಈ ಸಲ ಚಿತ್ರ ಕನ್ನಡಿ ಮಾಡದೆಯೇ ಕತ್ತರಿಸಬೇಕು. ಯಂತ್ರದ ಮೇಲೆ ಅದನ್ನೇ ಚೀಟಿ ಬರೆದು ಅಂಟಿಸಿದ್ದೇನೆ. ರೋಲ್‌ನಲ್ಲಿ ಉಳಿದಿರುವುದು ಒಂದೇ ಹಕ್ಕಿಗಾಗುವಷ್ಟು. ಮರಳು ಬಿಸಿಲಿನಲ್ಲಿ ಒಣಗುತ್ತಿದೆ.