ಬಾಹಾ ಬಗ್ಗಿಯ ಹಿಂದಿನ ಚಕ್ರ: ಐದನೇ ಒಂದು ಅಳತೆಯ ಮಾದರಿ ಎಲ್ಲಿಗೆ ಬಂತು

ಮರುಭೂಮಿ ರೇಸಿನ ಹಗುರ ಗಾಡಿ, ಅಂದರೆ ಬಗ್ಗಿಯ ಚಕ್ರ ಹೇಗೆ ಮೇಲೆ ಕೆಳಗೆ ಆಡುತ್ತದೆ ಅಂತ ನೋಡಲು ಒಂದು ಮಾದರಿ ಕಟ್ಟುತ್ತಿದ್ದೇನೆ. ಅದರ ಹಿಂದಿನ ಎಡ ಮೂಲೆ ಈಗ ಪೂರ್ತಿ ಆಡುತ್ತಿದೆ. ಕೆಳಗೆ ಪ್ಲೈವುಡ್ ಹಲಗೆ. ಗೇರ್‌ಬಾಕ್ಸ್ ಇರಬೇಕಾದ ಕಡೆ ಒಂದು ಮರದ ತುಂಡು. ಅಲ್ಯೂಮಿನಿಯಂ ಪಟ್ಟಿಯ ಟ್ರೇಲಿಂಗ್ ಆರ್ಮ್ (ಮುಂದಿನ ತುದಿಯ ಕೀಲಿನ ಮೇಲೆ ತೂಗುವ ತೋಳು), ಅದರ ಹಿಂದಿನ ತುದಿಗೆ ಚಕ್ರ. ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಹಾಫ್ ಶಾಫ್ಟ್ ಬದಲಿಗೆ ಹಿತ್ತಾಳೆ ಕೊಳವೆಯೊಳಗೆ ಜಾರುವ ಉಕ್ಕಿನ ಕಡ್ಡಿ. ಕಡ್ಡಿಯ ಮೇಲೆ ಮಿಲಿಮೀಟರ್ ಗುರುತು ಹಾಕಿದ್ದೇನೆ. ಚಕ್ರವನ್ನು ಮೇಲೆ ಎತ್ತಿದರೆ ಅಥವಾ ಕೆಳಗೆ ಇಳಿಸಿದರೆ ಶಾಫ್ಟ್ ಎಷ್ಟು ಉದ್ದ ಆಗಬೇಕು ಅನ್ನೋದನ್ನು ಅಲ್ಲೇ ಓದಬಹುದು.

ಇದನ್ನೆಲ್ಲ ಮಾಡಲು ಹೊರಟಿದ್ದು ಬಾಹಾ 1000 ರೇಸಿನಿಂದ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಲ್ಲಿ ನವೆಂಬರ್ ಹೊತ್ತಿಗೆ ನಡೆಯುವ ಮರುಭೂಮಿ ಓಟ ಅದು. ಕೆಲವು ವರ್ಷ ಎನ್ಸೆನಾಡಾದಿಂದ ಹೊರಟು ಸುತ್ತಿ ಬಂದು ಅಲ್ಲೇ ಮುಗಿಯುತ್ತದೆ. ಕೆಲವು ವರ್ಷ ದಕ್ಷಿಣದ ಲಾ ಪಾಜ್‌ವರೆಗೂ ಹೋಗುತ್ತದೆ. 2023ರಲ್ಲಿ ಮಾತ್ರ ತಿರುವುಮುರುವಾಗಿ ಲಾ ಪಾಜ್‌ನಲ್ಲಿ ಶುರುವಾಗಿ ಎನ್ಸೆನಾಡಾದಲ್ಲಿ ಮುಗಿಯಿತು. ಗಾಡಿಯೊಳಗಿನ ಕ್ಯಾಮೆರಾದ ವಿಡಿಯೊ ನೋಡುವಾಗ ನನ್ನ ಕಣ್ಣು ದಾರಿಯ ಮೇಲೆ ಇರುವುದಿಲ್ಲ, ಚಕ್ರದ ಮೇಲೆ ಇರುತ್ತದೆ. ಚಕ್ರ ಹುಚ್ಚೆದ್ದು ಕುಣಿಯುತ್ತಿರುತ್ತದೆ, ಚಾಲಕನ ಹೆಲ್ಮೆಟ್ ಮಾತ್ರ ಹೆಚ್ಚು ಅಲುಗಾಡುವುದಿಲ್ಲ. ಅದು ಹೇಗೆ ಅಂತ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತು.

ಸ್ವಿಂಗ್ ಆಕ್ಸಲ್‌ನಿಂದ ಶುರು

1967ರಲ್ಲಿ ಮೊದಲ ಓಟ ನಡೆದಾಗ ಇದರ ಹೆಸರು ಮೆಕ್ಸಿಕನ್ 1000. ಟಿಹುವಾನಾದಿಂದ ಲಾ ಪಾಜ್‌ಗೆ. ಗೆದ್ದವರು ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗಲ್ಸ್. ಅವರ ಗಾಡಿ ಮೇಯರ್ಸ್ ಮ್ಯಾಂಕ್ಸ್, ಫೈಬರ್‌ಗ್ಲಾಸ್ ದೇಹದ ಬಗ್ಗಿ, ಒಳಗೆ ಫೋಕ್ಸ್‌ವ್ಯಾಗನ್ ಎಂಜಿನ್. 27 ಗಂಟೆ 38 ನಿಮಿಷದಲ್ಲಿ ಮುಟ್ಟಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಇದೇ ಮ್ಯಾಂಗಲ್ಸ್ ಮತ್ತು ಬಗ್ಗಿ ಕಟ್ಟಿದ ಬ್ರೂಸ್ ಮೇಯರ್ಸ್ ಲಾ ಪಾಜ್‌ನಿಂದ ಟಿಹುವಾನಾಗೆ 34 ಗಂಟೆ 45 ನಿಮಿಷದಲ್ಲಿ ಬಂದಿದ್ದರು. ಡೇವ್ ಎಕಿನ್ಸ್ 1962ರಲ್ಲಿ ಹೋಂಡಾ ಬೈಕಿನಲ್ಲಿ ಮಾಡಿದ್ದ ದಾಖಲೆಯನ್ನು ಅದು ಮುರಿಯಿತು.

ಆ ಕಾಲದ ಬೀಟಲ್ ಕಾರಿನ ಹಿಂದೆ ಇದ್ದದ್ದು ಸ್ವಿಂಗ್ ಆಕ್ಸಲ್. ಗೇರ್‌ಬಾಕ್ಸ್ ಕಡೆ ಮಾತ್ರ ಕೀಲು, ಚಕ್ರದ ಕಡೆ ಇಲ್ಲ. ಹಾಗಾಗಿ ಆಕ್ಸಲ್ ಎಷ್ಟು ಓರೆಯಾಗುತ್ತದೋ ಚಕ್ರವೂ ಅಷ್ಟೇ ಓರೆಯಾಗುತ್ತದೆ. ಗಾಡಿ ಗಾಳಿಗೆ ಹಾರಿದಾಗ ಎರಡೂ ಹಿಂದಿನ ಚಕ್ರಗಳು ಕೆಳಗೆ ಜೋತು ಬಿದ್ದು ಒಳಗೆ ಮಡಚಿಕೊಳ್ಳುತ್ತವೆ. ಹಾಗೇ ನೆಲಕ್ಕೆ ಬಿದ್ದರೆ ಟೈರಿನ ಅಂಚು ಮಾತ್ರ ನೆಲ ಮುಟ್ಟುತ್ತದೆ. 1960ರ ದಶಕದ ಕೊನೆಗೆ ಬೀಟಲ್‌ಗೆ ಶಾಫ್ಟಿನ ಎರಡೂ ತುದಿಯಲ್ಲಿ ಸಿವಿ ಜಾಯಿಂಟ್ (ಬಗ್ಗಿದರೂ ಒಂದೇ ಸಮನಾಗಿ ತಿರುಗುವ ಕೀಲು) ಇರುವ ಹಿಂಭಾಗ ಬಂತು. ಬಗ್ಗಿ ಕಟ್ಟುವವರಿಗೆ ದೊಡ್ಡ ಬಾಗಿಲು ತೆರೆದದ್ದು ಆಗಲೇ. ಎಂಜಿನ್ ಶಕ್ತಿಗಿಂತ ಈ ಒಂದು ಬದಲಾವಣೆಯೇ ದೊಡ್ಡದು ಅಂತ ನನ್ನ ನಂಬಿಕೆ.

ಅಳತೆ ಹಾಕಿದ್ದು

ಬಾಹಾದಲ್ಲಿ ಓಡುವ ಬಗ್ಗಿಗಳ ಮೇಲಿನ ವರ್ಗವಾದ ಈಗಿನ ಕ್ಲಾಸ್ 1 ಬಗ್ಗಿಗಳಲ್ಲಿ ಹಿಂದಿನ ಚಕ್ರ ಸುಮಾರು 24 ಇಂಚು, ಅಂದರೆ 60 ಸೆಂ.ಮೀ. ಮೇಲೆ ಕೆಳಗೆ ಆಡುತ್ತದೆ. ಅದನ್ನೇ ಗುರಿಯಾಗಿಟ್ಟುಕೊಂಡೆ. ಆರ್ಮ್ ಉದ್ದ 800 ಮಿ.ಮೀ., ಗೇರ್‌ಬಾಕ್ಸ್ ಕಡೆಯ ಜಾಯಿಂಟ್‌ನಿಂದ ಚಕ್ರದ ನಡುವಿನ ಹಬ್‌ಗೆ 590 ಮಿ.ಮೀ. ಅಂತ ಹಿಡಿದೆ. ಇವು ಯಾವುದೇ ಒಂದು ಗಾಡಿಯ ಅಳತೆ ಅಲ್ಲ, ಲೆಕ್ಕಕ್ಕೆ ನಾನೇ ಆರಿಸಿಕೊಂಡವು. ಮಾದರಿಯಲ್ಲಿ ಐದನೇ ಒಂದು: ಆರ್ಮ್ 160, ಶಾಫ್ಟ್ 118, ಆಟ ನಡುವಿನಿಂದ ಮೇಲೆ 60, ಕೆಳಗೆ 60.

ಮೊದಲು ಆರ್ಮಿನ ಕೀಲನ್ನು ಗಾಡಿಗೆ ನೇರ ಅಡ್ಡವಾಗಿ ಕೂರಿಸಿದೆ. ಬಾಗಿಲಿನ ತಿರುಗಣಿಯನ್ನು ಅಡ್ಡ ಮಲಗಿಸಿದ ಹಾಗೆ. ಚಕ್ರ ಎಲ್ಲಿ ಹೋದರೂ ನೆಟ್ಟಗೆ ನಿಲ್ಲುತ್ತದೆ, ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ) ಬದಲಾವಣೆ ಸೊನ್ನೆ. ನೋಡಲು ಬಹಳ ಚೆನ್ನಾಗಿದೆ. ಆದರೆ ತುದಿಗೆ ಹೋದಾಗ ಕಡ್ಡಿ 15 ಮಿ.ಮೀ. ಹೊರಗೆ ಜಾರಿತು. ನಿಜವಾದ ಗಾಡಿಯಲ್ಲಿ ಅದು 75 ಮಿ.ಮೀ. ಸಿವಿ ಜಾಯಿಂಟ್‌ಗಳು ಒಳಗೆ ಹೊರಗೆ ಸ್ವಲ್ಪ ಜಾರುತ್ತವೆ, ನಿಜ. ಆದರೆ 27 ಡಿಗ್ರಿ ಬಗ್ಗಿರುವಾಗ, ಪೂರ್ತಿ ಶಕ್ತಿ ಹರಿಯುತ್ತಿರುವಾಗ ಇಷ್ಟು ಜಾರು ಅಂತ ಕೇಳುವುದು ಬಹಳ ಜಾಸ್ತಿ ಆಯ್ತು.

ಆಮೇಲೆ ಕೀಲನ್ನು ಓರೆ ಮಾಡಿದೆ. ಒಳಗಿನ ತುದಿ ಹಿಂದಕ್ಕೆ, ಗೇರ್‌ಬಾಕ್ಸ್ ಕಡೆಗೆ ಬರುವ ಹಾಗೆ. 15 ಡಿಗ್ರಿ ಓರೆಗೆ ಜಾರುವುದು 12 ಮಿ.ಮೀ.ಗೆ ಇಳಿಯಿತು, ಚಕ್ರ ಸುಮಾರು 6 ಡಿಗ್ರಿ ವಾಲಿತು. 30 ಡಿಗ್ರಿ ಓರೆಗೆ ಜಾರುವುದು 9 ಮಿ.ಮೀ., ವಾಲುವುದು 12 ಡಿಗ್ರಿಗೂ ಜಾಸ್ತಿ. ಒಂದು ಸಿಗುತ್ತದೆ, ಇನ್ನೊಂದು ಹೋಗುತ್ತದೆ.

ಹೀಗೇ ಓರೆ ಮಾಡುತ್ತಾ ಹೋದರೆ? ಸುಮಾರು 54 ಡಿಗ್ರಿಗೆ ಕೀಲಿನ ರೇಖೆ ನೇರವಾಗಿ ಗೇರ್‌ಬಾಕ್ಸ್ ಪಕ್ಕದ ಜಾಯಿಂಟ್ ಮೂಲಕವೇ ಹಾದುಹೋಗುತ್ತದೆ. ಆಗ ಕಡ್ಡಿ ಜಾರುವುದೇ ಇಲ್ಲ. ಹಬ್ ಆ ಜಾಯಿಂಟ್‌ನಿಂದ ಯಾವಾಗಲೂ ಒಂದೇ ದೂರದಲ್ಲಿ ಇರುತ್ತದೆ. ಆದರೆ ಚಕ್ರ 30 ಡಿಗ್ರಿ ವಾಲುತ್ತದೆ. ಅದು ಶಾಫ್ಟ್ ವಾಲಿದಷ್ಟೇ. ಅಂದರೆ ಅದು 1967ರ ಸ್ವಿಂಗ್ ಆಕ್ಸಲ್ ಮಾಡುತ್ತಿದ್ದದ್ದೇ! ಈ ಮಾದರಿ ನನಗೆ ಕೊಟ್ಟ ದೊಡ್ಡ ಖುಷಿ ಇದು. ಹಳೆಯ ಸ್ವಿಂಗ್ ಆಕ್ಸಲ್ ಮತ್ತು ನೇರ ಟ್ರೇಲಿಂಗ್ ಆರ್ಮ್ ಬೇರೆ ಬೇರೆ ಜಾತಿಯವು ಅಂದುಕೊಂಡೇ ಓದಿರುತ್ತೇವೆ. ಅವು ಒಂದೇ ಗೆರೆಯ ಎರಡು ತುದಿಗಳು. ಬಗ್ಗಿ ವಿನ್ಯಾಸ ಮಾಡುವವರು ಆ ಗೆರೆಯ ಮೇಲೆ ಎಲ್ಲಿ ನಿಲ್ಲಬೇಕು ಅಂತ ಆರಿಸುತ್ತಿದ್ದಾರೆ, ಅಷ್ಟೇ.

ಇನ್ನೊಂದು ವಿಷಯವೂ ಕೈಗೆ ಸಿಕ್ಕಿತು. ಚಕ್ರದ ಆಟಕ್ಕೆ ಮಿತಿ ಹಾಕುವುದು ಸ್ಪ್ರಿಂಗ್ ಅಲ್ಲ, ಶಾಕ್ (ಕುಣಿತ ತಡೆಯುವ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್) ಅಲ್ಲ. ಸಿವಿ ಜಾಯಿಂಟ್ ಬಗ್ಗುವ ಕೋನ. ಪೋರ್ಶೆ 930 ಟರ್ಬೊ ಕಾರಿಗೆ ಅಂತ ಬಂದ ಜಾಯಿಂಟ್‌ಗಳು ಮರುಭೂಮಿ ಬಗ್ಗಿಗಳಲ್ಲಿ ಇಷ್ಟು ಹೆಸರು ಮಾಡಿದ್ದು ಸುಮ್ನೆ ಅಲ್ಲ. ಕೋನ ಅಷ್ಟೇ ಇಟ್ಟು ಆಟ ಹೆಚ್ಚಬೇಕಾದರೆ ಶಾಫ್ಟ್ ಉದ್ದ ಆಗಬೇಕು. ಶಾಫ್ಟ್ ಉದ್ದವಾದರೆ ಗಾಡಿ ಅಗಲ ಆಗುತ್ತದೆ. ಬಗ್ಗಿಗಳು ಅಷ್ಟು ಅಗಲ ಇರುವುದಕ್ಕೆ ಉರುಳದಿರಲಿ ಅನ್ನೋದೊಂದೇ ಕಾರಣ ಅಲ್ಲ. ಅದೇ ರೇಸಿನಲ್ಲಿ ಓಡುವ ಟ್ರೋಫಿ ಟ್ರಕ್‌ಗಳು ಇದರಿಂದ ತಪ್ಪಿಸಿಕೊಂಡ ದಾರಿ ಬೇರೆ. 1994ರಲ್ಲಿ ಬಂದ ಆ ವರ್ಗದಲ್ಲಿ ಹಿಂದೆ ಸಾಮಾನ್ಯವಾಗಿ ಗಟ್ಟಿ ಆಕ್ಸಲ್, ಅದನ್ನು ಹಿಡಿಯಲು ನಾಲ್ಕು ಲಿಂಕ್. ಚಕ್ರದ ಹತ್ತಿರ ಬಗ್ಗುವ ಜಾಯಿಂಟೇ ಇಲ್ಲ, ಆದ್ದರಿಂದ 30 ಇಂಚಿನ ಆಸುಪಾಸು ಆಟ ಸಿಗುತ್ತದೆ. ಈಗ ಒಟ್ಟಾರೆ ಮೊದಲ ಸ್ಥಾನ ಹೆಚ್ಚಾಗಿ ಟ್ರಕ್‌ಗಳಿಗೇ ಹೋಗುತ್ತದೆ. ಆದರೂ ನನ್ನ ಒಲವು ಬಗ್ಗಿಯ ಕಡೆಗೇ. ಅಷ್ಟು ಭಾರದ ಆಕ್ಸಲ್ ಪ್ರತಿ ಗುಂಡಿಗೂ ಮೇಲೆ ಕೆಳಗೆ ಹಾರುವುದನ್ನು ನೋಡಿದರೆ, ಬಗ್ಗಿಯ ಹಗುರ ಚಕ್ರ ಎಷ್ಟು ಚೆಂದ ಅನ್ನಿಸುತ್ತದೆ.

ಮರಳಿನ ಅಲೆಗಳು

ಬಾಹಾದ ಸ್ಯಾನ್ ಫೆಲಿಪೆ ಊರಿನ ಸುತ್ತಮುತ್ತಲಿನ ದಾರಿ ವೂಪ್ಸ್‌ಗೆ ಹೆಸರುವಾಸಿ. ಗಾಡಿಗಳು ಮತ್ತೆ ಮತ್ತೆ ಓಡಿ ಮರಳಿನಲ್ಲಿ ಸಾಲು ಸಾಲಾಗಿ ಎದ್ದ ಅಲೆಗಳು ಅವು. ಅಲ್ಲಿ ಚಾಲಕರು ವೇಗ ಇಳಿಸದೆ ಹೋಗುವುದು ಯಾಕೆ ಅಂತ ಲೆಕ್ಕ ಹಾಕಿದೆ.

ಅಲೆಯಿಂದ ಅಲೆಗೆ 6 ಮೀಟರ್ ಅಂತ ಇಟ್ಟುಕೊಳ್ಳೋಣ. ಗಂಟೆಗೆ 27 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 1.25 ಅಲೆ ಬರುತ್ತದೆ. ಮೆತ್ತಗಿನ ಸ್ಪ್ರಿಂಗ್ ಮೇಲೆ ಕೂತ ಗಾಡಿಯ ದೇಹ ತಾನಾಗಿಯೇ ತೂಗುವ ವೇಗವೂ ಹೆಚ್ಚುಕಡಿಮೆ ಅದೇ. ಎರಡೂ ಕೂಡಿದರೆ ಗಾಡಿ ಕುದುರೆಯಂತೆ ಎಗರುತ್ತದೆ. 100 ಕಿ.ಮೀ. ವೇಗದಲ್ಲಾದರೆ ಸೆಕೆಂಡಿಗೆ 4.6 ಅಲೆ. ದೇಹಕ್ಕೆ ಅಷ್ಟು ಬೇಗ ಏಳಲು ಬೀಳಲು ಆಗುವುದಿಲ್ಲ. ಅದು ಒಂದೇ ಮಟ್ಟದಲ್ಲಿ ಹೋಗುತ್ತದೆ, ಕೆಳಗೆ ಚಕ್ರಗಳು ಮಾತ್ರ ಕುಣಿಯುತ್ತವೆ. ಹೆಲ್ಮೆಟ್ ಯಾಕೆ ಅಲುಗಾಡುವುದಿಲ್ಲ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಆದರೆ ಚಕ್ರ ಆ ಗುಂಡಿಗಳ ತಳದವರೆಗೆ ಇಳಿಯುತ್ತದಾ? ಅಲೆ 40 ಸೆಂ.ಮೀ. ಆಳ ಇದ್ದರೆ, ಆ ವೇಗದಲ್ಲಿ ನೆಲಕ್ಕೆ ಅಂಟಿಕೊಂಡೇ ಇರಲು ಚಕ್ರ ಗುರುತ್ವದ ಸುಮಾರು 17 ಪಟ್ಟು ಜೋರಾಗಿ ಕೆಳಗೆ ಧಾವಿಸಬೇಕು. ಚಕ್ರ, ಹಬ್, ಆರ್ಮ್ ಸೇರಿ 60 ಕೆ.ಜಿ. ಇದ್ದು, ಸ್ಪ್ರಿಂಗ್ 450 ಕೆ.ಜಿ. ಭಾರದ ಬಲದಿಂದ ತಳ್ಳಿದರೂ ಅದಕ್ಕೆ ಸಿಗುವುದು ಅದರ ಅರ್ಧದಷ್ಟು. ಹಾಗಾಗಿ ಚಕ್ರ ಅಲೆಯ ತಲೆಯಿಂದ ಬಿಟ್ಟು, ಎಷ್ಟು ಸಾಧ್ಯವೋ ಅಷ್ಟು ಇಳಿದು, ಮುಂದಿನ ಅಲೆಯ ಎದೆಗೆ ಬಡಿಯುತ್ತದೆ. ಈ ಕಾರಣಕ್ಕೇ ಚಕ್ರದ ಕಡೆಯ ತೂಕ ಒಂದೊಂದು ಕಿಲೋ ಇಳಿಸಲು ಅಷ್ಟು ಕಷ್ಟಪಡುತ್ತಾರೆ. ಶಾಕ್ ವಾಪಸ್ ಬಿಚ್ಚಿಕೊಳ್ಳುವುದು ನಿಧಾನವಾದರೆ ಇನ್ನೂ ತೊಂದರೆ. ಪ್ರತಿ ಅಲೆಗೂ ಚಕ್ರ ಸ್ವಲ್ಪ ಸ್ವಲ್ಪ ಮೇಲೇ ಉಳಿದುಬಿಡುತ್ತದೆ, ಕೆಲವೇ ಅಲೆಗಳಲ್ಲಿ ಆಟವೆಲ್ಲ ಮುಗಿದು ಗಾಡಿ ತಳಕ್ಕೆ ಬಡಿಯುತ್ತದೆ.

ಶಾಕ್ ಪಕ್ಕದ ಆ ಕೊಳವೆಗಳು

ಈ ಗಾಡಿಗಳಲ್ಲಿ ಹಾಕುವ ಬೈಪಾಸ್ ಶಾಕ್ ನೋಡಿದವರಿಗೆ ಮೊದಲು ಕಾಣುವುದು ಹೊರಗೆ ಅಂಟಿಸಿದಂತಿರುವ ಮೂರೋ ಐದೋ ಸಣ್ಣ ಕೊಳವೆಗಳು. ಅವುಗಳ ಕೆಲಸ ಅರ್ಥವಾಗಲು ನಾನು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಬೀಳುವಿಕೆಯನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಹೆಜ್ಜೆಗಳಲ್ಲಿ ಬರೆದೆ.

1 ಮೀಟರ್ ಎತ್ತರದಿಂದ ಬಿದ್ದ ಗಾಡಿ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅದನ್ನು 10 ಸೆಂ.ಮೀ. ಒಳಗೆ ನಿಲ್ಲಿಸಿದರೆ ಸರಾಸರಿ ಗುರುತ್ವದ 10 ಪಟ್ಟು ಹೊಡೆತ. 50 ಸೆಂ.ಮೀ.ನಲ್ಲಿ ನಿಲ್ಲಿಸಿದರೆ 2 ಪಟ್ಟು. ಉದ್ದ ಆಟದ ಲಾಭ ಇಷ್ಟು ಸರಳ. ಆದರೆ ಆ 2 ಪಟ್ಟು ಸಿಗುವುದು ತಡೆಯುವ ಬಲ ಮೊದಲಿಂದ ಕೊನೆವರೆಗೆ ಒಂದೇ ಸಮ ಇದ್ದರೆ ಮಾತ್ರ. ಸಾಮಾನ್ಯ ಶಾಕ್‌ನಲ್ಲಿ ಹಾಗಾಗುವುದಿಲ್ಲ. ಅದರ ಬಲ ವೇಗವನ್ನು ಅವಲಂಬಿಸಿದೆ. ಅರ್ಧ ದಾರಿಗೆ ವೇಗ 3.1ಕ್ಕೆ ಇಳಿದಿರುತ್ತದೆ, 40 ಸೆಂ.ಮೀ. ಹೊತ್ತಿಗೆ 2ಕ್ಕೆ. ಅಂದರೆ ಬಲ ಇಳಿಯಬಾರದ ಕೊನೆಯ ಭಾಗದಲ್ಲೇ ಶಾಕ್ ಸೋಲುತ್ತದೆ. ಸ್ಪ್ರಿಂಗ್ ಸ್ವಲ್ಪ ಕೈ ಹಿಡಿಯುತ್ತದೆ, ಆದರೆ ಅದಕ್ಕೆ ಜಾಸ್ತಿ ಕೆಲಸ ಕೊಟ್ಟರೆ ಅದು ಗಾಡಿಯನ್ನು ವಾಪಸ್ ಮೇಲಕ್ಕೆ ಎಸೆಯುತ್ತದೆ.

ಕೊಳವೆಗಳು ಬರುವುದು ಇಲ್ಲೇ. ಗಾಡಿ ಸಾಮಾನ್ಯ ಎತ್ತರದಲ್ಲಿ ಇರುವಾಗ ಎಣ್ಣೆ ಪಿಸ್ಟನ್ ಒಳಗಿನ ಕಿಂಡಿಗಳಲ್ಲದೆ ಹೊರಗಿನ ಕೊಳವೆಗಳ ಮೂಲಕವೂ ಸುತ್ತಿ ಹೋಗುತ್ತದೆ. ಶಾಕ್ ಮೆತ್ತಗೆ. ಪಿಸ್ಟನ್ ಒಳಗೆ ಹೋಗುತ್ತಾ ಒಂದು ಕೊಳವೆಯ ಬಾಯಿ ದಾಟಿದರೆ ಆ ದಾರಿ ಮುಚ್ಚಿತು. ಇನ್ನೊಂದು ದಾಟಿದರೆ ಅದೂ ಮುಚ್ಚಿತು. ಕೊನೆಗೆ ಎಲ್ಲ ಎಣ್ಣೆಯೂ ಪಿಸ್ಟನ್ ಮೂಲಕವೇ ನುಸುಳಬೇಕು. ವೇಗ ಇಳಿಯುತ್ತಿರುವ ಹಾಗೆ ತಡೆ ಏರುತ್ತದೆ, ಬಲ ಹೆಚ್ಚುಕಡಿಮೆ ಮಟ್ಟಸವಾಗಿ ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಸ್ಪ್ರಿಂಗ್ ಬಿಟ್ಟು ನೋಡಿದರೆ 25 ಸೆಂ.ಮೀ.ಗೆ ತಡೆ 1.4 ಪಟ್ಟು, 40ಕ್ಕೆ 2.2 ಪಟ್ಟು, 45ಕ್ಕೆ 3.2 ಪಟ್ಟು ಬೇಕು. ಮೂರು ಮೆಟ್ಟಿಲಿನ ಬೈಪಾಸ್ ಹಾಕಿದಾಗ ಗ್ರಾಫ್‌ನಲ್ಲಿ ಬಂದ ಗರಗಸದಂಥ ಚಪ್ಪಟೆ ಗೆರೆಯನ್ನು ಎಷ್ಟು ಹೊತ್ತು ನೋಡಿದರೂ ಸಾಲದು.

ಪ್ರತಿ ಕೊಳವೆಯಲ್ಲೂ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುತ್ತದೆ. ಒತ್ತುವಾಗ ಕೆಲಸ ಮಾಡುವ ಕೊಳವೆ ಬೇರೆ, ಬಿಚ್ಚುವಾಗ ಕೆಲಸ ಮಾಡುವುದು ಬೇರೆ. ಕೊಳವೆಯ ತಲೆಯ ಮೇಲಿನ ಬೋಲ್ಟ್ ತಿರುಗಿಸಿ ವಾಲ್ವ್ ಎಷ್ಟು ತೆರೆಯಬೇಕು ಅಂತ ಹೊಂದಿಸುತ್ತಾರೆ. ಶಾಕ್ ಬಿಚ್ಚದೆ, ದಾರಿ ಪಕ್ಕದಲ್ಲೇ ಒಂದು ಸ್ಪ್ಯಾನರ್‌ನಿಂದ ಆಗುವ ಕೆಲಸ. ಎಣ್ಣೆ ನೊರೆಯಾಗದಿರಲಿ ಅಂತ ಪಕ್ಕದ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಿಎಸ್ಐ ಒತ್ತಡದ ನೈಟ್ರೋಜನ್ ತುಂಬಿರುತ್ತದೆ.

ಪಕ್ಕದಲ್ಲೇ ಒಂದು ಮಾತು: ಡಕಾರ್ ರ‍್ಯಾಲಿಯಲ್ಲಿ ಆಟ ಎಷ್ಟಿರಬೇಕು ಅಂತ ನಿಯಮವೇ ಹೇಳುತ್ತದೆ. 2016ರಿಂದ 2018ರವರೆಗೆ ಸತತವಾಗಿ ಗೆದ್ದ ಪ್ಯೂಜೋ ಗಾಡಿಗಳು ಎರಡೇ ಚಕ್ರಕ್ಕೆ ಶಕ್ತಿ ಕೊಡುವ ಬಗ್ಗಿಗಳು. ಅವುಗಳಿಗೆ 460 ಮಿ.ಮೀ. ಆಟಕ್ಕೆ ಅವಕಾಶ ಇತ್ತು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವವುಗಳಿಗೆ ಅದಕ್ಕಿಂತ ಬಹಳ ಕಡಿಮೆ. 2022ರಲ್ಲಿ ಟಿ1 ಪ್ಲಸ್ ಅನ್ನೋ ಹೊಸ ವರ್ಗದ ನಿಯಮ ಬಂದು ಅವುಗಳಿಗೆ 350 ಸಿಕ್ಕಿತು. ನನಗೆ ಬಾಹಾದ ಕ್ಲಾಸ್ 1 ಹೆಚ್ಚು ಇಷ್ಟ. ಅಲ್ಲಿ ಮಿತಿ ಹಾಕುವುದು ಕಾಗದ ಅಲ್ಲ, ಉಕ್ಕು ಮತ್ತು ಕೋನ.

ಮುಂದಿನ ಕೆಲಸ

ಹಿಂದಿನ ಮೂಲೆಯ ಕೀಲನ್ನು ಸದ್ಯಕ್ಕೆ 15 ಡಿಗ್ರಿಗೆ ಬಿಗಿ ಮಾಡಿದ್ದೇನೆ. ಟೈರ್ ನೆಲಕ್ಕೆ ಸರಿಯಾಗಿ ಕೂರುವುದು ನನಗೆ ಮುಖ್ಯ. ಉಳಿದ 12 ಮಿ.ಮೀ.ಯನ್ನು ಜಾಯಿಂಟ್‌ಗಳೂ ಶಾಫ್ಟೂ ಹಂಚಿಕೊಳ್ಳಬೇಕು. ಚಕ್ರ ಕೆಳಗೆ ಹೋಗುವ ಮಿತಿಗೆ ನೈಲಾನ್ ಪಟ್ಟಿ ಕಟ್ಟಿದೆ. ನಿಜವಾದ ಗಾಡಿಗಳಲ್ಲೂ ಲಿಮಿಟ್ ಸ್ಟ್ರಾಪ್ ಅಂತ ಅದೇ ಇರುತ್ತದೆ. ಅದಿಲ್ಲದಿದ್ದರೆ ಗಾಡಿ ಹಾರಿದಾಗ ಚಕ್ರದ ಭಾರವೆಲ್ಲ ಶಾಕ್ ಮೇಲೋ ಸಿವಿ ಜಾಯಿಂಟ್ ಮೇಲೋ ಬೀಳುತ್ತದೆ.

ಇನ್ನು ಮುಂಭಾಗ. ಸಣ್ಣ ಎಂಜಿನ್‌ನ 1600 ವರ್ಗಗಳಲ್ಲಿ ಈಗಲೂ ಬೀಟಲ್ ಶೈಲಿಯ ಬೀಮ್ ಇದೆ, ಒಂದರ ಮೇಲೊಂದು ಎರಡು ಕೊಳವೆ, ಒಳಗೆ ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಟಾರ್ಷನ್ ಬಾರ್. ನಾನು ಕಟ್ಟಲು ಹೊರಟಿರುವುದು ಕ್ಲಾಸ್ 1ರ ಜೋಡಿ ಎ-ಆರ್ಮ್, ಅಂದರೆ ಚಕ್ರವನ್ನು ಮೇಲೂ ಕೆಳಗೂ ಹಿಡಿಯುವ A ಆಕಾರದ ಎರಡು ತೋಳು. ಅಲ್ಲಿ ಕಗ್ಗಂಟು ಟೈ ರಾಡ್, ಸ್ಟೀರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಕಡ್ಡಿ. ಅದು ಎ-ಆರ್ಮ್‌ಗಳ ಜೊತೆ ಒಂದೇ ಕಮಾನಿನಲ್ಲಿ ತೂಗದಿದ್ದರೆ, ಚಾಲಕ ಸ್ಟೀರಿಂಗ್ ತಿರುಗಿಸದೇ ಇದ್ದರೂ ಗುಂಡಿಯೇ ಗಾಡಿಯನ್ನು ತಿರುಗಿಸುತ್ತದೆ. ರಸ್ತೆ ಕಾರಿನ ಸಣ್ಣ ಆಟದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, 55 ಸೆಂ.ಮೀ. ಆಟದಲ್ಲಿ ಮುಚ್ಚಿಡಲು ಆಗುವುದಿಲ್ಲ. ಒಳಗಿನ ಕೀಲುಗಳು ಎಲ್ಲಿ ಕೂರಬೇಕು ಅಂತ ಕಾಗದದ ಮೇಲೆ ಗುರುತು ಹಾಕುವುದು ಮುಗಿದಿದೆ. ಪಟ್ಟಿ ಕತ್ತರಿಸುವುದು ಬಾಕಿ.