ಜಯಮಂಗಲಿ ಹುಲ್ಲುಗಾವಲಿನ ಕೃಷ್ಣಮೃಗ ಎಣಿಕೆ: ನಾಲ್ಕು ನಡಿಗೆ ಆದಮೇಲೆ

ಸದ್ಯ ಎಣಿಸುತ್ತ ನಡೆಯಲು ಎರಡು ನೇರ ಗೆರೆಗಳು ಗುರುತಾಗಿವೆ, ಒಂದೊಂದರಲ್ಲೂ ಎರಡು ನಡಿಗೆ ಮುಗಿದಿವೆ. ಮೊದಲ ನಡಿಗೆಯ ಹಾಳೆಯನ್ನು ಲೆಕ್ಕದಿಂದ ಕೈಬಿಟ್ಟಾಗಿದೆ.

ಜಾಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಪಕ್ಕ. 2007ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದದ್ದು. 798 ಎಕರೆ, ಅಂದರೆ 3.23 ಚದರ ಕಿ.ಮೀ. ಇಷ್ಟು ಚಿಕ್ಕ ಬಯಲು, ಕಾವಲು ಗೋಪುರ ಹತ್ತಿ ಎಣಿಸಿದರೆ ಆಯ್ತಲ್ಲ ಅನ್ನಿಸುತ್ತದೆ. ಆಗಲ್ಲ. ನೀಲಗಿರಿ ತೋಪಿನೊಳಗೆ ಮಲಗಿದ ಹೆಣ್ಣುಗಳು ಮೇಲಿನಿಂದ ಕಾಣವು. ಹಿಂಡುಗಳು ಸುತ್ತಲ ಹೊಲಗಳಿಗೂ ಹೋಗಿಬರುತ್ತವೆ. ಅದಕ್ಕೇ ಗೆರೆ ಹಿಡಿದು ನಡೆದು, ಕಂಡ ಹಿಂಡುಗಳು ಗೆರೆಯಿಂದ ಎಷ್ಟು ದೂರ ಎಂದು ಅಳೆದು, ಅದರಿಂದ ಸಾಂದ್ರತೆ (ಒಂದು ಚದರ ಕಿ.ಮೀ.ಗೆ ಎಷ್ಟು ಪ್ರಾಣಿ) ಅಂದಾಜಿಸುವ ವಿಧಾನ.

ಒಂದೊಂದು ಗೆರೆ 1.5 ಕಿ.ಮೀ. ಬೆಳಿಗ್ಗೆ ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ಬಿಸಿಲು ಬೆನ್ನಿಗಿರುತ್ತದೆ. ಇಬ್ಬರು ಸಾಕು: ಒಬ್ಬರು ನೋಡಿ ಅಳೆಯುವುದು, ಇನ್ನೊಬ್ಬರು ಬರೆಯುವುದು. ಹಿಂಡು ಕಂಡ ಕೂಡಲೇ ನಿಂತು, ಅದು *ಮೊದಲು ನಿಂತಿದ್ದ* ಜಾಗಕ್ಕೆ ದೂರ ಮತ್ತು ದಿಕ್ಕು ತೆಗೆಯಬೇಕು. ಗೆರೆಯ ದಿಕ್ಕು 280°, ಹಿಂಡಿನ ದಿಕ್ಕು 310°, ದೂರ 220 ಮೀಟರ್ ಇದ್ದರೆ ಕೋನ 30°; ಗೆರೆಯಿಂದ ಹಿಂಡಿಗೆ ಲಂಬ ದೂರ 110 ಮೀಟರ್. ಹಿಂಡು ಓಡಿ ನಿಂತಮೇಲೆ ಅಳೆದರೆ ಗೆರೆಯ ಹತ್ತಿರ ಪ್ರಾಣಿಯೇ ಇಲ್ಲ ಎಂಬಂತಾಗಿ ಸಂಖ್ಯೆ ಕೆಳಗಿಳಿಯುತ್ತದೆ. ಇಲ್ಲಿ ತಡಮಾಡುವ ಹಾಗೇ ಇಲ್ಲ: ಒಂದು ಹೆಣ್ಣು ನಾಲ್ಕೂ ಕಾಲು ನೆಲ ಬಿಟ್ಟು ಚಿಮ್ಮಿತೆಂದರೆ ಹಿಂದೆಯೇ ಇಡೀ ಹಿಂಡು ಚಿಮ್ಮುತ್ತದೆ.

ಮೊದಲ ಹಾಳೆ ಕೆಟ್ಟದ್ದು ಕೋನದಿಂದ. ಐದಾರು ಡಿಗ್ರಿ ಇದ್ದದ್ದನ್ನೆಲ್ಲ "ನೇರ ಎದುರಿಗೆ" ಎಂದು 0° ಬರೆದುಬಿಟ್ಟರೆ ಲಂಬ ದೂರಗಳು ಸೊನ್ನೆಯಲ್ಲಿ ಗುಂಪುಗೂಡುತ್ತವೆ, ಸಾಂದ್ರತೆ ಸುಮ್ಮನೆ ಏರುತ್ತದೆ. ಇನ್ನೊಂದು ಕಳ್ಳ ಎಂದರೆ ಫೋನಿನ ಕವರ್‌ನ ಅಯಸ್ಕಾಂತ. ದಿಕ್ಸೂಚಿ ಹಿಡಿಯುವ ಕೈಯಿಂದ ಫೋನು ದೂರವಿರಲಿ.

ಕಿರಣ ಬಿಟ್ಟು ದೂರ ಅಳೆಯುವ ರೇಂಜ್‌ಫೈಂಡರ್ ಕೂಡ ಸುಳ್ಳು ಹೇಳುತ್ತದೆ. ಎತ್ತರದ ಹುಲ್ಲಿದ್ದರೆ ಕಿರಣ ಮುಂದಿನ ತೆನೆಗೇ ತಾಗಿ, ದೂರದ ಹಿಂಡಿಗೆ 40 ಮೀಟರ್ ಎಂದು ತೋರಿಸುತ್ತದೆ. ಮೂರು ಸಲ ಅಳೆಯಿರಿ. ಹೊಂದದಿದ್ದರೆ ಹಿಂಡಿನ ಸಾಲಿನಲ್ಲಿರುವ ಬಳ್ಳಾರಿ ಜಾಲಿಗೆ ಗುರಿಯಿಟ್ಟು ದೂರ ತೆಗೆಯಿರಿ.

ಒಂಬತ್ತು ಗಂಟೆಯ ನಂತರದ್ದು ನಂಬಿಕೆಗೆ ಅರ್ಹವಲ್ಲ ಎಂಬುದು ನಮ್ಮ ತೀರ್ಮಾನ. ನೆಲ ಕಾದು ಗಾಳಿ ಅಲುಗಾಡತೊಡಗಿದರೆ ಬೈನಾಕ್ಯುಲರ್‌ನಲ್ಲಿ ಕೊಂಬೇ ಕರಗಿದಂತೆ ಕಾಣುತ್ತದೆ. ಆಗ ಎಳೆ ಗಂಡು ಮತ್ತು ಹೆಣ್ಣನ್ನು ಬೇರ್ಪಡಿಸುವುದು ಬರೀ ಊಹೆ, ಏಕೆಂದರೆ ಎರಡೂ ಕಂದು. ಬೆನ್ನು ಕಪ್ಪಾದ ಬೆಳೆದ ಗಂಡಿನ ವಿಷಯದಲ್ಲಿ ಈ ತೊಂದರೆಯಿಲ್ಲ. ಅದು ತನ್ನ ಹಿಕ್ಕೆರಾಶಿಯ ಬಳಿ ತಲೆಯೆತ್ತಿ, ಕಣ್ಣಿನ ಮುಂದಿನ ಗ್ರಂಥಿ ತೆರೆದು ನಿಂತರೆ ಅಲ್ಲಿಂದ ಸುಲಭಕ್ಕೆ ಕದಲುವುದಿಲ್ಲ. ಮರಿಗಳ ಸಂಖ್ಯೆ ಮಾತ್ರ ಯಾವಾಗಲೂ ಕಡಿಮೆಯೇ ಬರುತ್ತದೆ. ಹುಟ್ಟಿದ ಹೊಸತರಲ್ಲಿ ಅವು ಹುಲ್ಲಲ್ಲಿ ಅಂಟಿ ಮಲಗಿರುತ್ತವೆ. ಅವಕ್ಕೆ ಬೇರೆ ಕಾಲಂ ಇಟ್ಟಾಗಿದೆ, ಒಟ್ಟಿಗೆ ಕೂಡಿಸುವುದಿಲ್ಲ.

ಹೊರಡುವವರಿಗೆ: ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಎಣಿಕೆಗೆ ಇಳಿಯಬೇಡಿ. ಅರ್ಧ ದಿನಕ್ಕೆ ತಲಾ 4 ಲೀಟರ್ ನೀರು, ದಪ್ಪ ಅಡಿಯ ಬೂಟು. ಜಾಲಿ ಮುಳ್ಳು ತೆಳು ಅಡಿಯನ್ನೂ ಟೈರಿನ ಪಕ್ಕವನ್ನೂ ಬಿಡದು, ಸ್ಟೆಪ್ನಿಯ ಗಾಳಿ ಮೊದಲೇ ನೋಡಿಕೊಳ್ಳಿ. ಉಣ್ಣೆ ಹುಳ ಹತ್ತದಂತೆ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಹಾದಿಯ ಮಧ್ಯೆ ಟಿಟ್ಟಿಭ ಕಿರುಚಿ ಮೇಲೆರಗಿದರೆ ಹತ್ತಿರ ಮೊಟ್ಟೆಯಿದೆ ಎಂದರ್ಥ; ಐವತ್ತು ಹೆಜ್ಜೆ ಬಳಸಿ ಹೋಗಿ.

ಲೆಕ್ಕಕ್ಕೆ ಕನಿಷ್ಠ 60ರಿಂದ 80 ಹಿಂಡುಗಳ ದಾಖಲೆ ಬೇಕು, ಅದು ಇನ್ನೂ ದೂರವಿದೆ. ಮುಂದಿನ ಸಲ ಎರಡನೇ ಗೆರೆಯನ್ನು ತೋಪಿನ ಅಂಚಿನಿಂದ 200 ಮೀಟರ್ ಆಚೆಗೆ ಸರಿಸಿ, ಗಡಿಯಾಚೆಯ ಹೊಲದಲ್ಲಿ ಕಂಡ ಹಿಂಡುಗಳನ್ನು ಪ್ರತ್ಯೇಕ ಹಾಳೆಗೆ ಇಳಿಸುವುದು.