ಅರಿಶಿನ ಪೆನ್ನಿನ ಕಾರು ಪುಸ್ತಕ: ಮೂರನೇ ಪ್ರತಿಯವರೆಗೆ

ಕೆಂಟಕಿಯ ಲೂಯಿವಿಲ್‌ನ ಲೀ ಪಬ್ಲಿಕೇಶನ್ಸ್ ತಂದ ‘ಯೆಸ್ ಅಂಡ್ ನೋ’ ಪುಸ್ತಕಗಳನ್ನು ಅಮೆರಿಕದ ಮಕ್ಕಳು ದೂರದ ಕಾರು ಪ್ರಯಾಣಗಳಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬೆಳೆದರು. ಖಾಲಿ ಚೌಕದ ಮೇಲೆ ಜೊತೆಗೇ ಕೊಟ್ಟ ಪೆನ್ನು ಉಜ್ಜಿದರೆ ಉತ್ತರ ಮೂಡುತ್ತಿತ್ತು. ಆ ಆಟವನ್ನು ಬೆಂಗಳೂರು–ಮಂಗಳೂರು ದಾರಿಗೆ ಮನೆಯಲ್ಲೇ ಮಾಡುವ ಪ್ರಯತ್ನ ಇದು. ರಸಾಯನ ಹೊಸದಲ್ಲ: ಅರಿಶಿನದ ನೀರಿಗೆ ಸುಣ್ಣ ಬಿದ್ದು ಆರತಿಯ ಓಕುಳಿ ಕೆಂಪಾಗುತ್ತದಲ್ಲ, ಅದೇ.

ಮೊದಲ ಪ್ರತಿಗೆ ಅದೃಶ್ಯ ಶಾಯಿಯಾಗಿ ಅಡುಗೆ ಸೋಡಾ ಬಳಸಿದ್ದು ತಪ್ಪು. ಅದರ ಪಿಎಚ್ 8.3ರ ಆಸುಪಾಸು, ಅರಿಶಿನ ಚೆನ್ನಾಗಿ ಕೆಂಪಾಗಲು ಅಷ್ಟು ಕ್ಷಾರ ಸಾಲದು. ಅಕ್ಷರ ಮೂಡಿತು, ಓದಲು ಮಾತ್ರ ಕಣ್ಣು ಕಿರಿದು ಮಾಡಬೇಕಾಯಿತು.

ಎರಡನೆಯದಕ್ಕೆ ಬಟ್ಟೆ ಸೋಡಾ, ಅಂದರೆ ವಾಷಿಂಗ್ ಸೋಡಾ. 50 ಮಿ.ಲೀ. ನೀರಿಗೆ ಚಮಚ ತುಂಬ ಹಾಕಿದ್ದರಿಂದ ಕಡುಗೆಂಪು ಬಂತು, ಆದರೆ ಒಣಗಿದ ಮೇಲೆ ಬಿಳಿ ಪುಡಿ ಎದ್ದಿತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು, ಪೆನ್ನಿಲ್ಲದೆಯೇ ಉತ್ತರ! ಈಗಿನ ಅಳತೆ 100 ಮಿ.ಲೀ.ಗೆ ಅರ್ಧ ಟೀ ಚಮಚ. ಸೊನ್ನೆ ನಂಬರಿನ ಬ್ರಷ್‌ನಲ್ಲಿ ಬರೆದು, ಒಣಗಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿ ಇಟ್ಟರೆ ಕಾಗದದ ಸುಕ್ಕೂ ಇಳಿಯುತ್ತದೆ. ಉಳಿದ ಗುರುತನ್ನು ಮರೆಮಾಡಲು ಚೌಕದಲ್ಲಿ ಮೊದಲೇ ಬೂದು ಚುಕ್ಕಿಗಳನ್ನು ಪ್ರಿಂಟ್ ಮಾಡಿಕೊಳ್ಳಬೇಕು.

ಪೆನ್ನಿಗೆ ಒಂದು ಟೀ ಚಮಚ ಅರಿಶಿನವನ್ನು 30 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಬೇಕು. ಪುಡಿ ಉಳಿದರೆ ನಿಬ್ಬು ಕಟ್ಟಿಕೊಳ್ಳುತ್ತದೆ. ಸ್ಯಾನಿಟೈಸರ್ ಜೆಲ್ ಬೇಡ, ಅಂಟು. ಖಾಲಿ ಸ್ಕೆಚ್ ಪೆನ್ನಿನ ಹಿಂದಿನ ಮುಚ್ಚಳ ಕಿತ್ತು, ಒಳಗಿನ ಹತ್ತಿಯನ್ನು ತೊಳೆದು ಒಣಗಿಸಿ, ಸುಮಾರು 2 ಮಿ.ಲೀ. ತುಂಬಬೇಕು. ಸ್ಪಿರಿಟ್ ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದ ಈ ಕೆಲಸ ಒಲೆಯಿಂದ ದೂರ, ದೊಡ್ಡವರ ಕೈಯಲ್ಲೇ ಆಗಲಿ.

ನಿಜವಾದ ತಲೆನೋವು ನಿಬ್ಬಿನದು. ಎರಡು ಮೂರು ಉತ್ತರ ಉಜ್ಜುವಷ್ಟರಲ್ಲಿ ಸೋಡಾ ತುದಿಗೆ ಹತ್ತಿ, ನಿಬ್ಬೇ ಕೆಂಪಾಗಿ, ಖಾಲಿ ಜಾಗದಲ್ಲೂ ಕೆಂಪು ಗೆರೆ ಎಳೆಯುತ್ತದೆ. ನಿಂಬೆರಸದಲ್ಲಿ ಒರೆಸಿದರೆ ಹಳದಿಯೇನೋ ಮರಳುತ್ತದೆ, ಆದರೆ ಹುಳಿ ನಿಬ್ಬಿನಲ್ಲೇ ನಿಂತು ಮುಂದಿನ ಉತ್ತರವನ್ನು ಮೂಡಗೊಡುವುದಿಲ್ಲ. ಮೂರನೇ ಪ್ರತಿಯಲ್ಲಿ ಪ್ರತಿ ಪುಟದ ಕೆಳಗೂ ಒಂದು ‘ಒರೆಸುವ ಚೌಕ’ ಬಿಟ್ಟಿದೆ. ಹಳದಿ ಬರುವವರೆಗೆ ಅಲ್ಲಿ ಗೀಚಬೇಕು. ಉತ್ತರದ ಮೇಲೆ ಒಂದೇ ಸಲ, ಒಂದೇ ದಿಕ್ಕಿನಲ್ಲಿ ಎಳೆಯಬೇಕು, ತಿರುಗಿ ಉಜ್ಜಿದರೆ ಅಕ್ಷರ ಹರಡುತ್ತದೆ.

ಆಟಗಳಲ್ಲಿ ಗೆದ್ದದ್ದು ನಂಬರ್ ಪ್ಲೇಟಿನ ಪುಟ. ಎದುರಿಗೆ ಬಂದ ಗಾಡಿಯ ಊರು ಊಹಿಸಿ, ಆಮೇಲೆ ಉಜ್ಜಿ ನೋಡುವುದು: ಕೆಎ 52 ನೆಲಮಂಗಲ, 13 ಹಾಸನ, 46 ಸಕಲೇಶಪುರ, 21 ಪುತ್ತೂರು, 19 ಮಂಗಳೂರು. ಪದಬಂಧ ಬೇಡ. ಶಿರಾಡಿ ಘಾಟಿಯ ತಿರುವಿನಲ್ಲಿ ಬಗ್ಗಿ ಬರೆದರೆ ಮಕ್ಕಳಿಗೆ ವಾಂತಿ ಗ್ಯಾರಂಟಿ.

ಅಂಗಿಗೆ ಪೆನ್ನು ತಾಗಿದರೆ ಸೋಪು ಹಚ್ಚಿದ ಕೂಡಲೇ ಕಲೆ ಕೆಂಪಾಗುತ್ತದೆ. ಗಾಬರಿ ಬೇಡ, ಜಾಲಿಸಿ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಅದೇ ಬಿಸಿಲು ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪುಸ್ತಕದ ಉತ್ತರಗಳನ್ನೂ ಅಳಿಸುತ್ತದೆ. ನಾಲ್ಕನೇ ಪ್ರತಿಗೆ ರಟ್ಟಿನ ಚೀಲ ಹೊಲಿಯುವುದಿದೆ.